ಹೆಸರಿನ ನಡುವಿನ ತೆರಪು

ಬರಹದಲ್ಲಿ ಎಲ್ಲಕ್ಕಿಂತ ಅಗ್ಗವಾದ ವಸ್ತು ಯಾವುದೆಂದು ಕೇಳಿದರೆ, ಎರಡು ಪದಗಳ ನಡುವೆ ಬಿಡುವ ತೆರಪು ಎಂದು ಯಾರಾದರೂ ಹೇಳಿಯಾರು. ಅದಕ್ಕೆ ಶಾಯಿ ಬೇಡ, ಶ್ರಮ ಬೇಡ. ಲೇಖನಿಯನ್ನು ಒಂದಿಷ್ಟು ಎತ್ತಿ ಮುಂದಿಟ್ಟರೆ ಆಯಿತು. ಆದರೆ ಮೊಳೆ ಜೋಡಿಸುವ ಅಚ್ಚುಕೂಟಗಳ ಕಾಲವನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಅಲ್ಲಿ ತೆರಪೂ ಒಂದು ಸೀಸದ ತುಂಡು. ಅಕ್ಷರದ ಮೊಳೆಗಿಂತ ತುಸು ಗಿಡ್ಡ. ಆದ್ದರಿಂದ ಅದಕ್ಕೆ ಶಾಯಿ ತಾಗುವುದಿಲ್ಲ, ಕಾಗದದ ಮೇಲೆ ಅದು ಕಾಣುವುದಿಲ್ಲ. ಕಾಣದಿದ್ದರೇನು? ಅದನ್ನೂ ಅದರ ಮನೆಯಿಂದ ಆರಿಸಿ ತೆಗೆಯಬೇಕು, ಸಾಲಿನಲ್ಲಿ ಕೂರಿಸಬೇಕು, ಕೆಲಸ ಮುಗಿದ ಮೇಲೆ ಬಿಡಿಸಿ ಮತ್ತೆ ಅದರ ಮನೆಗೇ ಹಾಕಬೇಕು. ಓದುಗನಿಗೆ ‘ಏನೂ ಇಲ್ಲ’ ಎನಿಸುವುದು ಜೋಡಿಸುವವನಿಗೆ ತೂಕವುಳ್ಳ ಪದಾರ್ಥ. ಗಣಕಯಂತ್ರವೂ ಈ ವಿಷಯದಲ್ಲಿ ಹಳೆಯ ಕಂಪೋಸಿಟರನ ಕಡೆಯದೇ. ಅದರ ಅಕ್ಷರಪಟ್ಟಿಯಲ್ಲಿ ತೆರಪಿಗೂ ಒಂದು ಸಂಖ್ಯೆಯಿದೆ: 32. ಅಕಾರಕ್ಕೊಂದು ಸಂಖ್ಯೆ, ಹಕಾರಕ್ಕೊಂದು ಸಂಖ್ಯೆ, ಹಾಗೆಯೇ ಶೂನ್ಯಕ್ಕೂ ಒಂದು.

ನಮ್ಮ ಹಿರಿಯರಿಗೆ ಈ ತೆರಪಿನ ಹಂಗೇ ಇರಲಿಲ್ಲ. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬವನ್ನು ನೋಡಿಯೇ ಇರುತ್ತಾರೆ. ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೈಮೇಲಿದೆ. ಆ ಕಾಲದ ಕಲ್ಲುಬರಹಗಳಲ್ಲಿ ಇಂದಿನಂತೆ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ವಾಡಿಕೆಯಿಲ್ಲ. ನಮ್ಮ ಓಲೆಗರಿಗಳೂ ಹಾಗೆಯೇ. ಅಕ್ಷರದ ಬೆನ್ನಿಗೆ ಅಕ್ಷರ, ಇರುವೆಯ ಸಾಲಿನಂತೆ. ಬಿ. ಎಲ್. ರೈಸ್ ಅವರು 1902ರಲ್ಲಿಯೂ 1904ರಲ್ಲಿಯೂ ‘ಎಪಿಗ್ರಾಫಿಯಾ ಕರ್ನಾಟಿಕ’ದ ಶಿವಮೊಗ್ಗ ಜಿಲ್ಲೆಯ ಸಂಪುಟಗಳನ್ನು ಹೊರತಂದಾಗ, ಅವರ ಪಂಡಿತರು ಪಟ್ಟ ಪಾಡಿನಲ್ಲಿ ಒಂದು ಪಾಲು ಸವೆದ ಅಕ್ಷರಗಳದಾದರೆ, ಇನ್ನೊಂದು ಪಾಲು ಎಲ್ಲಿ ಪದ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದರದು.

ಇದು ಸಣ್ಣ ಪ್ರಶ್ನೆಯಲ್ಲ. ‘ಅವನಲ್ಲಿ’ ಎಂದು ಬರೆದು ಹಲಗೆಯ ಮೇಲಿಟ್ಟು ನಾನು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಅರ್ಥ ಕೇಳುವುದುಂಟು. ಅರ್ಧ ತರಗತಿ ‘ಅವನ ಬಳಿ’ ಎನ್ನುತ್ತದೆ. ಇನ್ನರ್ಧ ‘ಅವನು, ಅಲ್ಲಿ’ ಎನ್ನುತ್ತದೆ. ಎರಡೂ ಸರಿ. ಹಾಗೆಯೇ ಹೊಸನಗರವೆಂದರೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕು, ಹೊಸ ನಗರವೆಂದರೆ ಯಾವುದಾದರೂ ಹೊಸ ಊರು. ಭದ್ರಾವತಿಯಲ್ಲಿ ‘ಅವರು ಹೊಸಮನೆಯಲ್ಲಿದ್ದಾರೆ’ ಎಂದರೆ ಆ ಬಡಾವಣೆಯಲ್ಲಿದ್ದಾರೆ ಎಂದು ಅರ್ಥವೇ ಹೊರತು, ಗೃಹಪ್ರವೇಶವಾಗಿದೆ ಎಂದಲ್ಲ. ಪದವನ್ನು ಕೂಡಿಸುವುದೂ ಬಿಡಿಸುವುದೂ ಕನ್ನಡಿಗರಾದ ನಮಗೆ ಉಸಿರಾಟದಷ್ಟು ಸಹಜ. ಸನ್ನಿವೇಶ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಸನ್ನಿವೇಶವೆಂಬುದೇ ತಿಳಿಯದ ಓದುಗನೊಬ್ಬ ಸಿಕ್ಕಿದರೆ ಗತಿಯೇನು? ಆ ಪ್ರಮೇಯ ಬಂದದ್ದು ಭದ್ರಾವತಿಯ ನನ್ನ ಹಿರಿಯ ಮಿತ್ರರೊಬ್ಬರ ಮನೆಯಲ್ಲಿ.

ಅವರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭದ್ರಾವತಿಯೆಂದರೆ ಒಂದು ಕಾಲಕ್ಕೆ ಎರಡು ದೊಡ್ಡ ಕಾರ್ಖಾನೆಗಳ ಊರು. ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಹಳ್ಳಿಗೆ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಬಂದಿತು; 1930ರ ದಶಕದಲ್ಲಿ ಮೈಸೂರು ಕಾಗದದ ಕಾರ್ಖಾನೆ ಬಂದಿತು. ಈ ಎರಡನೆಯದರ ಯಂತ್ರಗಳು 2015ರ ಸುಮಾರಿಗೆ ನಿಂತವು. ಯಂತ್ರ ನಿಂತ ಮೇಲೆ ಅದರ ಸುತ್ತ ಬೆಳೆದ ಮಾತೂ ಮೆಲ್ಲಮೆಲ್ಲಗೆ ನಿಲ್ಲುತ್ತದೆ. ಪಾಳಿಗೆ ಹೋಗುವವರ ಮಾತು, ಬಿದಿರಿನ ಲಾರಿಯವರ ಮಾತು, ಬಾಯ್ಲರಿನ ಮುಂದೆ ನಿಂತವರು ಇಂಗ್ಲಿಷನ್ನೂ ತಮಿಳನ್ನೂ ಉರ್ದುವನ್ನೂ ಕನ್ನಡಕ್ಕೆ ಒಗ್ಗಿಸಿಕೊಂಡು ಆಡಿದ ಮಾತು, ಇವನ್ನೆಲ್ಲ ನನ್ನ ಮಿತ್ರರು ಹನ್ನೆರಡು ವರ್ಷ ಕಾಲ ಕೂಡಿಹಾಕಿದ್ದರು. ಯಾರೂ ಕೇಳಿದ್ದಲ್ಲ, ಯಾರೂ ಹಣ ಕೊಟ್ಟದ್ದಲ್ಲ. ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರಲ್ಲ, ಅವರೊಂದಿಗೆ ಇದೂ ಹೋಗಬಾರದು ಎಂಬುದಷ್ಟೇ ಅವರ ಕಾರಣ. ಇಂಥ ಕೆಲಸಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಕೊಡುತ್ತಾರೆ. ಅವರಿಗೆ ದೊರೆತದ್ದು ಕಣ್ಣಿನ ಪೊರೆ.

ಪದಗಳನ್ನೆಲ್ಲ ಅವರು ಹಳೆಯ ‘ನುಡಿ’ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಆ ಬಗೆಯ ಬರಹದ ಗುಟ್ಟು ಅನೇಕರಿಗೆ ಗೊತ್ತು: ಯಂತ್ರದ ಒಳಗೆ ಇರುವುದು ಇಂಗ್ಲಿಷ್ ಪಟ್ಟಿಯ ಸಂಖ್ಯೆಗಳೇ, ಮೇಲಿನ ವೇಷ ಮಾತ್ರ ಕನ್ನಡದ್ದು. ಆ ಅಕ್ಷರಗಳು ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಈಗಿನ ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದಾರೆ. ಹಳೆಯದನ್ನು ಹೊಸದಕ್ಕೆ ಒಕ್ಕಲೆಬ್ಬಿಸಿ ತಂದರೆ ಪದಕೋಶ ಅಚ್ಚಿಗೆ ಹೋಗಬಹುದು. ಈ ಕೆಲಸವನ್ನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವರ ಮೊಮ್ಮಗಳು ವಹಿಸಿಕೊಂಡಳು. ಕನ್ನಡ ಮೇಷ್ಟರೆಂದು ಕಾಗುಣಿತ ನೋಡಲು ನನ್ನನ್ನು ಕರೆದಿದ್ದರು.

ಆಕೆ ಒಂದು ಪಠ್ಯ ಸಂಪಾದಕವನ್ನು ಸಜ್ಜುಗೊಳಿಸುತ್ತಿದ್ದಳು. ಸಂಪಾದಕವೆಂದರೆ ಪತ್ರಿಕೆಯ ಸಂಪಾದಕರಲ್ಲ. ಬರಹವನ್ನು ತಿದ್ದುವುದಕ್ಕಾಗಿಯೇ ಇರುವ ತಂತ್ರಾಂಶ. ಅದಕ್ಕೊಂದು ನಿಯಮಾವಳಿಯ ಕಡತವಿರುತ್ತದೆ. ಯಾವ ಪದಕೋಶ ಎಲ್ಲಿದೆ, ಯಾವ ಸಾಧನ ಎಲ್ಲಿದೆ ಎಂದು ಅದರಲ್ಲಿ ಬರೆದಿಟ್ಟರೆ, ಸಂಪಾದಕ ಅಲ್ಲಿಗೆ ಹೋಗಿ ತಂದುಕೊಳ್ಳುತ್ತದೆ. ಯಜಮಾನರ ಕಡತದ ವಿಳಾಸ ಹೀಗಿತ್ತು:

ಡಿ:\ನುಡಿ\ಭದ್ರಾ ತೀರದ ಮಾತು\ಪದಕೋಶ

ಯಂತ್ರದಲ್ಲಿ ಇದು ಇಂಗ್ಲಿಷ್ ಲಿಪಿಯಲ್ಲಿ ಇದ್ದಿತು. ಇಲ್ಲಿ ನಮ್ಮ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ವಿಳಾಸವನ್ನು ಬರೆದು ಆಜ್ಞೆ ಕೊಟ್ಟಾಗ ಬಂದ ಉತ್ತರ ಒಂದೇ ಸಾಲಿನದು: ಅಂಥ ಕಡತವಿಲ್ಲ.

ಅಂಥ ಕಡತವಿಲ್ಲ! ನಿವೃತ್ತ ನೌಕರನ ಎದುರಿಗೆ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಇದು. ಒಂದಾನೊಂದು ಕಚೇರಿಯಲ್ಲಿ ಅವರ ಪಿಂಚಣಿಯ ಕಾಗದ ತಿಂಗಳುಗಟ್ಟಲೆ ನಿಂತಿದ್ದುದು ಇದೇ ಮಾತಿನ ಮೇಲೆ. ಒಂದು ದಾಖಲೆಯಲ್ಲಿ ಹೆಸರಿನ ಎರಡು ಮೊದಲಕ್ಷರಗಳ ನಡುವೆ ತೆರಪಿದ್ದಿತಂತೆ, ಇನ್ನೊಂದರಲ್ಲಿ ಇರಲಿಲ್ಲವಂತೆ. ಆದ್ದರಿಂದ ಅವರು ಇಬ್ಬರು ಬೇರೆ ಬೇರೆ ಮನುಷ್ಯರಂತೆ! ಯಜಮಾನರು ಕುರ್ಚಿಯ ತೋಳನ್ನು ಹಿಡಿದುಕೊಂಡು, “ಹೋಯ್ತೇನೆ ಮಗಾ? ಹನ್ನೆರಡು ವರ್ಷದ್ದು ಪೂರಾ ಹೋಯ್ತಾ?” ಎಂದರು.

“ಎಲ್ಲೂ ಹೋಗಿಲ್ಲ ಅಜ್ಜ. ಅಲ್ಲೇ ಇದೆ. ಅದಕ್ಕೆ ನೀನಿಟ್ಟ ಹೆಸರು ಓದೋಕೆ ಬರ್ತಾ ಇಲ್ಲ ಅಷ್ಟೆ” ಎಂದಳು ಹುಡುಗಿ.

ನಡೆದದ್ದು ಇಷ್ಟು. ಆಜ್ಞೆಯ ಸಾಲನ್ನು ಓದುವಾಗ ಯಂತ್ರ ತೆರಪನ್ನು ಕಂಡಲ್ಲೆಲ್ಲ ‘ಒಂದು ಮಾತು ಮುಗಿಯಿತು, ಇನ್ನೊಂದು ಮೊದಲಾಯಿತು’ ಎಂದು ತಿಳಿಯುತ್ತದೆ. ಅದರ ಪಾಲಿಗೆ ಅಲ್ಲಿದ್ದುದು ಒಂದು ವಿಳಾಸವಲ್ಲ, ಮೂರು: ‘ಡಿ:\ನುಡಿ\ಭದ್ರಾ’ ಎಂಬುದು ಒಂದು, ‘ತೀರದ’ ಎಂಬುದು ಇನ್ನೊಂದು, ‘ಮಾತು\ಪದಕೋಶ’ ಎಂಬುದು ಮತ್ತೊಂದು. ಈ ಮೂರು ಹೆಸರಿನವು ಅಲ್ಲಿ ಇರಲಿಲ್ಲವೆಂಬುದು ನಿಜವೇ. ಯಂತ್ರ ಸುಳ್ಳು ಹೇಳಿರಲಿಲ್ಲ. ಪದಚ್ಛೇದ ಮಾಡುವ ಕಡೆ ಎಡವಿತ್ತು. ತಾಳಗುಂದದ ಕಲ್ಲಿನಲ್ಲಿ ತೆರಪಿಲ್ಲದೆ ಕಷ್ಟವಾದರೆ, ಭದ್ರಾವತಿಯ ಕಡತದಲ್ಲಿ ತೆರಪು ಇದ್ದು ಕಷ್ಟವಾಯಿತು.

ಇದಕ್ಕೆ ಮದ್ದು ಸುಲಭ. ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ, ಒಳಗಿನದೆಲ್ಲ ಒಂದೇ ಎಂದು ಯಂತ್ರ ತಿಳಿಯುತ್ತದೆ. ಹುಡುಗಿ ಹಾಗೆಯೇ ಮಾಡಿದಳು. ಮತ್ತೆ ಅದೇ ಉತ್ತರ: ಅಂಥ ಕಡತವಿಲ್ಲ. ಆದರೆ ಈ ಬಾರಿ ಯಂತ್ರ ತಾನು ಹುಡುಕಿದ ಹೆಸರನ್ನೂ ತೋರಿಸಿತು. ನೋಡಿದರೆ ‘ನುಡಿ’ಯ ಮೊದಲಕ್ಷರ ಮಾಯವಾಗಿ, ಸಾಲು ಮುರಿದು, ಕೆಳಗೆ ‘ಉಡಿ’ ಎಂದಿದೆ! ‘ಭದ್ರಾ’ದಲ್ಲಿ ಇಂಗ್ಲಿಷಿನ ‘ಬಿ’ ಇಲ್ಲ; ‘ಹದ್ರಾ’ ಎಂದು ಉಳಿದಿದೆ. ನಾನು ನಕ್ಕುಬಿಟ್ಟೆ. ನುಡಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗುವುದು ಕವಿಗಳಿಗೆ ಒಪ್ಪೀತು. ಯಂತ್ರಕ್ಕೆ ಈ ರಸಿಕತೆ ಎಲ್ಲಿಂದ ಬಂದಿತು?

ಎಡಕ್ಕೆ ವಾಲಿದ ಆ ಗೆರೆಯಿಂದ ಬಂದಿತು. ಬ್ಯಾಕ್‌ಸ್ಲ್ಯಾಶ್ ಎಂದು ಅದರ ಹೆಸರು. ಅದರ ಚರಿತ್ರೆಯೇ ಸ್ವಾರಸ್ಯವಾದದ್ದು. ಹಳೆಯ ಬೆರಳಚ್ಚು ಯಂತ್ರಗಳಲ್ಲಿ ಬಲಕ್ಕೆ ವಾಲಿದ ಗೆರೆ ಸಾಮಾನ್ಯ. ಎಡಕ್ಕೆ ವಾಲಿದ್ದಕ್ಕೆ ಅಲ್ಲಿ ಕೆಲಸವಿರಲಿಲ್ಲ. ಬಾಬ್ ಬೆಮರ್ ಎಂಬ ಅಮೆರಿಕದ ತಜ್ಞ 1961ರಲ್ಲಿ ಅದನ್ನು ಗಣಕದ ಅಕ್ಷರಪಟ್ಟಿಗೆ ಸೂಚಿಸಿದ. 1963ರ ಪಟ್ಟಿಯಲ್ಲಿ ಅದು ಸೇರಿತು. ಎರಡು ಗೆರೆಗಳನ್ನು ಒಂದಕ್ಕೊಂದು ಆನಿಸಿ ತರ್ಕಶಾಸ್ತ್ರದ ‘ಮತ್ತು’, ‘ಅಥವಾ’ ಚಿಹ್ನೆಗಳನ್ನು ಬರೆಯಲಿ ಎಂಬುದು ಅವನ ಉದ್ದೇಶ. ಮುಂದೆ ‘ಸಿ’ ಎಂಬ ಗಣಕಭಾಷೆಯವರು ಈ ಗೆರೆಗೆ ಬೇರೆ ಹುದ್ದೆ ಕೊಟ್ಟರು: ಇದರ ಮುಂದಿನ ಅಕ್ಷರವನ್ನು ಅಕ್ಷರವೆಂದು ಓದಬೇಡ, ಸಂಕೇತವೆಂದು ಓದು. ಗೆರೆಯ ಮುಂದೆ ‘ಎನ್’ ಬಂದರೆ ಹೊಸ ಸಾಲು. ‘ಟಿ’ ಬಂದರೆ ಉದ್ದನೆಯ ಜಿಗಿತ. ‘ಬಿ’ ಬಂದರೆ ಒಂದು ಹೆಜ್ಜೆ ಹಿಂದಕ್ಕೆ. ಇತ್ತ 1983ರಲ್ಲಿ ಡಾಸ್ ವ್ಯವಸ್ಥೆಯ ಎರಡನೆಯ ಆವೃತ್ತಿಯಲ್ಲಿ ಕಡತಗಳಿಗೆ ಕೋಣೆಗಳನ್ನು ಮಾಡಿದಾಗ, ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲಿನ ಗುರುತೊಂದು ಬೇಕಾಯಿತು. ಯೂನಿಕ್ಸ್‌ನವರು ಬಲಕ್ಕೆ ವಾಲಿದ ಗೆರೆಯನ್ನು ಬಳಸುತ್ತಿದ್ದರು. ಡಾಸ್‌ನಲ್ಲಿ ಅದು ಮೊದಲೇ ಆಜ್ಞೆಗಳ ಸೂಚನೆಗಳಿಗಾಗಿ ಖರ್ಚಾಗಿಹೋಗಿತ್ತು. ಆದ್ದರಿಂದ ಎಡಕ್ಕೆ ವಾಲಿದ್ದನ್ನು ಹಿಡಿದು ತಂದರು.

ಹೀಗೆ ಒಬ್ಬನೇ ನಟನಿಗೆ ಒಂದೇ ನಾಟಕದಲ್ಲಿ ಎರಡು ಪಾತ್ರ. ವಿಳಾಸದಲ್ಲಿ ಅವನು ಬಾಗಿಲು ಕಾಯುವವನು. ಉದ್ಧರಣ ಚಿಹ್ನೆಯೊಳಗೆ ಮಂತ್ರವಾದಿ. ‘\ನುಡಿ’ ಎಂದು ನಾವು ಬಾಗಿಲು ತೋರಿಸಿದರೆ, ಅವನು ‘ಎನ್’ ಅಕ್ಷರಕ್ಕೆ ಮಂತ್ರ ಹಾಕಿ ಸಾಲನ್ನೇ ಮುರಿದ. ‘\ಭದ್ರಾ’ದಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟ. ಭದ್ರೆಯ ಬದಲು ತುಂಗೆಯ ಹೆಸರಿಟ್ಟಿದ್ದರೂ ಬಿಡುತ್ತಿರಲಿಲ್ಲ. ‘ಟಿ’ ನುಂಗಿ ಜಿಗಿಯುತ್ತಿದ್ದ. ನಮ್ಮ ಎರಡು ನದಿಗಳೂ ಈ ಗೆರೆಯ ಮುಂದೆ ಬತ್ತಿಹೋಗುತ್ತವೆ ಎಂದಾಯಿತು. ಜಪಾನಿನವರ ಕಥೆ ಇನ್ನೂ ತಮಾಷೆಯದು. ಈ ಗೆರೆಗೆ ಮೀಸಲಾದ 92ನೆಯ ಸಂಖ್ಯೆಯಲ್ಲಿ ಅವರ ಹಳೆಯ ಪಟ್ಟಿ ಯೆನ್ ನಾಣ್ಯದ ಗುರುತನ್ನು ಕೂರಿಸಿದೆ. ಆದ್ದರಿಂದ ಜಪಾನಿ ಯಂತ್ರಗಳಲ್ಲಿ ಕಡತದ ವಿಳಾಸದ ತುಂಬ ದುಡ್ಡಿನ ಗುರುತೇ ಕಾಣುವುದುಂಟು. ಬಾಗಿಲು ಬಾಗಿಲಿಗೂ ಸುಂಕ ಕೊಟ್ಟು ಹೋಗುವಂತೆ.

ಹುಡುಗಿ ಪರಿಹಾರಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ ನನಗೆ ಸೋಜಿಗವಾಯಿತು. ಇವನ್ನೆಲ್ಲ ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನಲ್ಲ! ಹದಿಮೂರನೆಯ ಶತಮಾನದ ಕೇಶಿರಾಜನು ಸಂಧಿಪ್ರಕರಣದಲ್ಲಿ ಹೇಳಿದ ಲೋಪ, ಆಗಮ, ಆದೇಶಗಳಲ್ಲದೆ ಇವು ಬೇರೆಯಲ್ಲ. ಊರು, ಇಂದ ಎಂಬೆರಡು ಕೂಡಿ ‘ಊರಿಂದ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ, ಅದು ಲೋಪ. ಹಾಗೆಯೇ ಕೋಣೆಯ ಹೆಸರಿನಿಂದ ತೆರಪನ್ನೇ ಕಿತ್ತುಹಾಕಿ ‘ಭದ್ರಾತೀರದಮಾತು’ ಎಂದು ಬರೆದರೆ ತಂಟೆಯಿಲ್ಲ. ಮನೆ, ಅನ್ನು ಎಂಬೆರಡು ಕೂಡಿ ‘ಮನೆಯನ್ನು’ ಆಗುವಾಗ ನಡುವೆ ಯಕಾರ ಬಂದು ಸೇರುತ್ತದೆ, ಅದು ಆಗಮ. ಹಾಗೆಯೇ ಉದ್ಧರಣ ಚಿಹ್ನೆ ಬಂದು ಸೇರಿದರೆ ತೆರಪು ಒಡೆಯುವುದಿಲ್ಲ. ಮಳೆ, ಕಾಲ ಎಂಬೆರಡು ‘ಮಳೆಗಾಲ’ ಆಗುವಾಗ ಕಕಾರದ ಜಾಗದಲ್ಲಿ ಗಕಾರ ಕೂರುತ್ತದೆ, ಅದು ಆದೇಶ. ಹಾಗೆಯೇ ಎಡಕ್ಕೆ ವಾಲಿದ ಗೆರೆಯ ಜಾಗದಲ್ಲಿ ಬಲಕ್ಕೆ ವಾಲಿದ ಗೆರೆಯನ್ನು ಕೂರಿಸಿ, ‘ಡಿ:/ನುಡಿ/ಭದ್ರಾ ತೀರದ ಮಾತು/ಪದಕೋಶ’ ಎಂದರೆ ಬಹುಮಟ್ಟಿನ ಸಂಪಾದಕಗಳು ವಿಂಡೋಸ್‌ನಲ್ಲಿಯೂ ಒಪ್ಪಿಕೊಳ್ಳುತ್ತವೆ. ಇವಲ್ಲದೆ ದ್ವಿರುಕ್ತಿಯೂ ಉಂಟು. ಗೆರೆಯನ್ನು ಎರಡು ಸಲ ಬರೆದರೆ, ಮೊದಲನೆಯದು ಎರಡನೆಯದರ ಕಿವಿಯಲ್ಲಿ ‘ನೀನು ಬರಿಯ ಗೆರೆ, ಸುಮ್ಮನಿರು’ ಎಂದು ಹೇಳುತ್ತದೆ. ಕೊನೆಗೆ ಪ್ರಕೃತಿಭಾವವೂ ಇದೆ: ಕೆಲವು ಸಂಪಾದಕಗಳಲ್ಲಿ ಜೋಡಿ ಚಿಹ್ನೆಯ ಬದಲು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ, ಒಳಗಿನದನ್ನು ಇದ್ದದ್ದು ಇದ್ದಂತೆ ಓದಿಕೊಳ್ಳುತ್ತವೆ.

ಎಲ್ಲ ಕಡೆಯೂ ಒಂದೇ ನಿಯಮವೆಂದು ಮಾತ್ರ ತಿಳಿಯಬಾರದು. ವ್ಯಾಕರಣಕ್ಕೆ ಅಪವಾದಗಳಿಲ್ಲದೆ ಶೋಭೆಯೆಲ್ಲಿ? ವಿಮ್ ಎಂಬ ಹೆಸರಾಂತ ಸಂಪಾದಕವನ್ನೇ ನೋಡಿ. 1991ರಲ್ಲಿ ಹಾಲೆಂಡಿನ ಬ್ರಾಮ್ ಮೂಲೆನಾರ್ ಅದನ್ನು ಹೊರತಂದ. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಸಾಕಿದ. ಅದಕ್ಕೆ ಬೆಲೆಯಿಲ್ಲ, ಇಷ್ಟವಿದ್ದವರು ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಲಿ ಎಂಬುದಷ್ಟೇ ಅವನ ಕೋರಿಕೆ. ಅದರಲ್ಲಿ ಒಂದು ಬಗೆಯ ನಿಯಮವನ್ನು ಬರೆಯುವಾಗ ತೆರಪಿನ ಮುಂದೆ ಒಂದು ಎಡಗೆರೆ ಸಾಕು. ಕಡತಗಳ ಪಟ್ಟಿಯನ್ನು ಕೊಡುವ ಕೆಲವು ನಿಯಮಗಳಲ್ಲಿ ಮೂರು ಬೇಕು. ಏಕೆಂದರೆ ಸಾಲನ್ನು ಇಬ್ಬರು ಓದುತ್ತಾರೆ. ಮೊದಲನೆಯವನು ಓದಿದಾಗ ಮೊದಲ ಎರಡು ಗೆರೆ ಸೇರಿ ಒಂದಾಗುತ್ತದೆ, ಮೂರನೆಯದು ತೆರಪನ್ನು ಕಾಪಾಡಿ ಮರೆಯಾಗುತ್ತದೆ. ಉಳಿದ ಒಂದು ಗೆರೆ ಎರಡನೆಯವನಿಂದ ತೆರಪನ್ನು ಕಾಪಾಡುತ್ತದೆ. ಕಚೇರಿಯಲ್ಲಿ ಇಬ್ಬರು ಗುಮಾಸ್ತರನ್ನು ದಾಟಬೇಕಾದವನು ಎರಡು ಪ್ರತಿ ಒಯ್ಯುವಂತೆ. ನಿಯಮದ ಮರ್ಮ ಇಷ್ಟೆ: ಈ ಸಾಲನ್ನು ಎಷ್ಟು ಮಂದಿ ಓದುತ್ತಾರೆ, ಒಬ್ಬೊಬ್ಬರೂ ಎಷ್ಟು ಗೆರೆ ತಿನ್ನುತ್ತಾರೆ ಎಂದು ಲೆಕ್ಕ ಹಾಕಬೇಕು.

ಇಷ್ಟೆಲ್ಲ ಹೇಳಿ ಹುಡುಗಿ, “ಲೋಪವೇ ಒಳ್ಳೇದು ಅಜ್ಜ. ಹೆಸರಲ್ಲಿ ಜಾಗ ಬಿಡೋದೇ ಬೇಡ. ಎಲ್ಲಾ ಒಟ್ಟಿಗೆ ಬರೆದುಬಿಡೋಣ, ಎಲ್ಲಿಗೆ ತಗೊಂಡು ಹೋದರೂ ನಡೆಯುತ್ತೆ” ಎಂದಳು.

ಯಜಮಾನರು ಒಪ್ಪಲಿಲ್ಲ. “ಅದ್ಯಾಕೆ? ಆ ಕಚೇರಿಯವರೂ ಇದನ್ನೇ ಹೇಳಿದ್ದು. ಹೆಸರನ್ನ ನಮ್ಮ ಪುಸ್ತಕದಲ್ಲಿ ಇರೋ ಹಾಗೆ ಬದಲಾಯಿಸಿಕೊಂಡು ಬನ್ನಿ ಅಂತ. ನಾನಿಟ್ಟ ಹೆಸರು ಭದ್ರಾ ತೀರದ ಮಾತು. ಓದೋರು ಹಾಗೇ ಓದಬೇಕು. ನೀವೇ ಹೇಳಿ ಮೇಷ್ಟ್ರೇ.”

ನನ್ನನ್ನು ತೀರ್ಪಿಗೆ ಕೂರಿಸಿದ್ದು ಕಷ್ಟವೇ ಆಯಿತು. ಹುಡುಗಿಯ ಮಾತಿನಲ್ಲಿ ವಿವೇಕವಿತ್ತು. ಯಂತ್ರಗಳು ಬದಲಾಗುತ್ತಿರುತ್ತವೆ, ಒಂದು ಒಪ್ಪಿದ್ದನ್ನು ಇನ್ನೊಂದು ಒಪ್ಪದು. 1995ರಲ್ಲಿ ಉದ್ದನೆಯ ಹೆಸರುಗಳಿಗೆ ಅವಕಾಶ ಬರುವವರೆಗೂ ಡಾಸ್‌ನವರು ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಎಂಬ ಜಿಪುಣ ಲೆಕ್ಕದಲ್ಲಿಯೇ ಬದುಕಿದರು. ಹಾಗೆ ನೋಡಿದರೆ ನಮ್ಮ ನೆಲವೂ ಹುಡುಗಿಯ ಪಕ್ಷವೇ. ಶಿವಮೊಗ್ಗದ ಪಕ್ಕ ಹರಿಯುವ ತುಂಗೆ, ಭದ್ರಾವತಿಯ ನಡುವೆ ಹರಿಯುವ ಭದ್ರೆ, ಎರಡೂ ಕೂಡಲಿಯಲ್ಲಿ ಸೇರಿದ ಮೇಲೆ ಹೆಸರಿನ ನಡುವೆ ಯಾರೂ ತೆರಪು ಬಿಡುವುದಿಲ್ಲ, ತುಂಗಭದ್ರೆ ಎನ್ನುತ್ತೇವೆ. ಆದರೆ ಸಂಧಿಗೂ ಒಂದು ಧರ್ಮವಿದೆ. ಆಡುವವನ ನಾಲಗೆ ತಾನಾಗಿ ಕೂಡಿಸಿದರೆ ಅದು ಸಂಧಿ. ಓದಲಾರದವನು ಕೂಡಿಸೆಂದು ಹಟ ಹಿಡಿದರೆ ಅದು ದಬ್ಬಾಳಿಕೆ. ಒಬ್ಬ ಮನುಷ್ಯ ತಾನು ಹನ್ನೆರಡು ವರ್ಷ ಮಾಡಿದ ಕೆಲಸಕ್ಕೆ ಇಟ್ಟ ಹೆಸರನ್ನು, ಅದನ್ನು ಓದಬೇಕಾದ ಯಂತ್ರದ ಅನುಕೂಲಕ್ಕೆಂದು ತಿದ್ದುವುದು ನನಗೂ ಸರಿತೋರಲಿಲ್ಲ. ಯಂತ್ರಕ್ಕೆ ಕಲಿಸುವ ದಾರಿ ಇಲ್ಲದಿದ್ದರೆ ಬೇರೆ ಮಾತು. ದಾರಿ ನಾಲ್ಕು ಇರುವಾಗ ಮನುಷ್ಯನೇ ಏಕೆ ಬಾಗಬೇಕು?

“ಯಜಮಾನರ ಹೆಸರು ಇದ್ದ ಹಾಗೇ ಇರಲಿ. ನೀನು ಆಗಮ, ಆದೇಶ ಎರಡೂ ಮಾಡಮ್ಮ” ಎಂದೆ. ಅವಳು ಉದ್ಧರಣ ಚಿಹ್ನೆಯನ್ನು ಉಳಿಸಿಕೊಂಡು, ಗೆರೆಗಳನ್ನು ಬಲಕ್ಕೆ ವಾಲಿಸಿದಳು. ಕಡತ ತೆರೆಯಿತು. ಗೀಚಿನಂತಿದ್ದ ಸಾಲುಗಳು ಕನ್ನಡವಾಗಿ ಇಳಿಯತೊಡಗಿದವು. ಯಜಮಾನರಿಗೆ ಪರದೆ ಮಸುಕು. ಮೊಮ್ಮಗಳು ಗಟ್ಟಿಯಾಗಿ ಓದಿದಳು. ಮೂರನೆಯ ಪದಕ್ಕೇ ಅವರು ತಡೆದು, ಆ ಮಾತನ್ನು ಮೊದಲು ಆಡಿದವನು ಯಾವ ಪಾಳಿಯಲ್ಲಿದ್ದ, ಯಾವ ಊರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಎಂದು ಹೇಳಲು ಮೊದಲುಮಾಡಿದರು. ಅದು ಕಡತದಲ್ಲಿ ಇರಲಿಲ್ಲ. ಹುಡುಗಿ ಹೊಸ ಸಾಲು ತೆರೆದು ಬರೆದುಕೊಂಡಳು.

ಅಂದಿನಿಂದ ನಾನು ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೇನೆ. ಪ್ರಬಂಧ ಬರೆದಿಟ್ಟು ಅದು ಸಿಗದೆ ಕಣ್ಣೀರು ಹಾಕುತ್ತ ಬರುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ‘ಇಲ್ಲ’ ಎಂಬ ಉತ್ತರವನ್ನು ಪೂರ್ತಿ ಓದಿ, ಅದು ಯಾವ ಹೆಸರನ್ನು ಹುಡುಕಿ ಇಲ್ಲವೆಂದಿತು ಎಂಬುದನ್ನು ನೋಡಿ ಎನ್ನುತ್ತೇನೆ. ನಾವು ಕೊಟ್ಟ ಹೆಸರು, ಅದು ಓದಿಕೊಂಡ ಹೆಸರು, ಇವೆರಡನ್ನು ಒಂದರ ಕೆಳಗೊಂದು ಬರೆದು ಅಕ್ಷರ ಅಕ್ಷರವಾಗಿ ತಾಳೆ ನೋಡಿದರೆ, ಕಳೆದುಹೋದದ್ದು ಕಡತವೇ, ಅಥವಾ ಒಂದು ತೆರಪೇ, ಒಂದು ಗೆರೆಯೇ ಎಂಬುದು ತಿಳಿಯುತ್ತದೆ. ಇದು ಗಣಕಶಾಸ್ತ್ರವೇನೂ ಅಲ್ಲ. ಶಾಸನ ಓದುವವರೂ ಓಲೆಗರಿ ತಿದ್ದುವವರೂ ಬಹುಕಾಲದಿಂದ ಮಾಡುತ್ತ ಬಂದಿರುವ ಪಾಠಾಂತರದ ಕೆಲಸವೇ ಇದು.